ಇಳಿಯುವವನ ಪುಸ್ತಕ

(ಆಕಾಶವಾಣಿಯಲ್ಲಿ ಬಿತ್ತರಗೊಂಡ ಭಾಷಣ)

ಬಾಳಿನ ಬಹುಭಾಗವನ್ನು ಹಳಗನ್ನಡ ಪಾಠ ಹೇಳುವುದರಲ್ಲಿ ಕಳೆದು ನಿವೃತ್ತನಾದವನು ವಿಮಾನ ಇಳಿಯುವ ಜಾಗಗಳ ವಿಷಯ ಮಾತನಾಡಲು ಹೊರಟಿರುವುದು ನಿಮಗೆ ವಿಚಿತ್ರವೆನಿಸೀತು. ನನಗೂ ಮೊದಲು ಹಾಗೆಯೇ ಎನಿಸಿತ್ತು. ಇದಕ್ಕೆ ಕಾರಣನಾದವನು ನನ್ನ ಹಳೆಯ ವಿದ್ಯಾರ್ಥಿಯೊಬ್ಬ. ಬಿ.ಎಸ್ಸಿ. ತರಗತಿಯಲ್ಲಿ ಕನ್ನಡ ಭಾಷಾಪತ್ರಿಕೆಯನ್ನು ಒಲ್ಲದ ಮನಸ್ಸಿನಿಂದ ಓದಿ ಪಾಸು ಮಾಡಿದ ಈತ ಮುಂದೆ ಜಕ್ಕೂರಿನಲ್ಲಿ ವಿಮಾನ ಹಾರಿಸಲು ಕಲಿತು, ಉದ್ಯೋಗಕ್ಕೆಂದು ಇಂಗ್ಲೆಂಡು ಸೇರಿದ್ದಾನೆ. ಬಿಡುವಿನ ದಿನಗಳಲ್ಲಿ ಕ್ಲಬ್ಬಿನ ಎರಡು ಆಸನದ ಪುಟ್ಟ ವಿಮಾನವನ್ನು ಬಾಡಿಗೆಗೆ ಪಡೆದು ಊರಿಂದೂರಿಗೆ ಹಾರಿ ಹೋಗಿ, ಅಲ್ಲಿ ಚಹ ಕುಡಿದು ಸಂಜೆಗೆ ಹಿಂತಿರುಗುವುದು ಅವನ ಹವ್ಯಾಸ. ಕಳೆದ ದೀಪಾವಳಿಗೆ ಹೊಸಪೇಟೆಗೆ ಬಂದವನು ನಮ್ಮ ಮನೆಯ ಪಡಸಾಲೆಯಲ್ಲಿ ಕುಳಿತು, ಚೀಲದಿಂದ ನಾಲ್ಕು ಪುಸ್ತಕಗಳನ್ನು ತೆಗೆದು ನನ್ನ ಮುಂದಿಟ್ಟ. “ಸಾರ್, ನೀವು ಯಾವ ಪುಸ್ತಕ ಕೊಟ್ರೂ ಓದ್ತೀರಿ. ಇವನ್ನೂ ಸ್ವಲ್ಪ ನೋಡ್ರಿ. ಇವುಗಳಲ್ಲಿ ಯಾವುದು ಚೆಂದ ಹೇಳ್ರಿ” ಎಂದ.

ಅವು ಹಗುರ ವಿಮಾನದಲ್ಲಿ ಸಂಚರಿಸುವವರಿಗೆಂದು ಬರೆದ ಇಳಿದಾಣಗಳ ಕೈಪಿಡಿಗಳು. ಯಾವ ಊರಿನಲ್ಲಿ ವಿಮಾನ ಇಳಿಸಬಹುದು, ರನ್‌ವೇ ಎಷ್ಟು ಉದ್ದ, ಹುಲ್ಲೋ ಡಾಂಬರೋ, ಹತ್ತಿರದಲ್ಲಿ ಗುಡ್ಡವಿದೆಯೋ ಕಂಬವಿದೆಯೋ, ಇಂಧನ ಸಿಗುವುದೋ ಇಲ್ಲವೋ, ಯಾರ ಅನುಮತಿ ಕೇಳಬೇಕು, ಇವೇ ಅವುಗಳ ವಸ್ತು. ಕಥೆಯಿಲ್ಲ, ರಸವಿಲ್ಲ. ಆದರೂ ನಾಲ್ಕು ದಿನ ನಾನು ಬೇರೇನನ್ನೂ ಓದಲಿಲ್ಲ.

ಆಕಾಶದಿಂದ ನೆಲವನ್ನು ನೋಡಿ ದಾರಿ ಹೇಳುವ ಬರೆಹ ನಮಗೆ ಹೊಸದಲ್ಲ. ಕಾಳಿದಾಸನ ಯಕ್ಷ ರಾಮಗಿರಿಯಿಂದ ಅಲಕೆಯವರೆಗೆ ಮೋಡಕ್ಕೆ ಹೇಳುವ ದಾರಿಯಲ್ಲಿ ಆಮ್ರಕೂಟ, ರೇವಾನದಿ, ವಿದಿಶೆ, ಉಜ್ಜಯಿನಿ, ಚರ್ಮಣ್ವತಿ ಒಂದರ ಹಿಂದೊಂದು ಬರುತ್ತವೆ. ಎಲ್ಲಿ ತಂಗಬೇಕು, ಎಲ್ಲಿ ನೀರು ತುಂಬಿಕೊಳ್ಳಬೇಕು ಎಂಬುದನ್ನೂ ಆತ ಬಿಡುವುದಿಲ್ಲ. ದಾರಿ ವಕ್ರವಾದರೂ ಉಜ್ಜಯಿನಿಯನ್ನು ನೋಡದೆ ಹೋಗಬೇಡ ಎಂದು ಹೇಳುವ ಉತ್ಸಾಹ ಮಾತ್ರ ಇಂಧನ ಲೆಕ್ಕ ಹಾಕುವ ಚಾಲಕನಿಗೆ ಒಪ್ಪಿಗೆಯಾಗದು. ಇನ್ನು ವಾಲ್ಮೀಕಿ ರಾಮಾಯಣದ ಯುದ್ಧಕಾಂಡದ ಕೊನೆಯಲ್ಲಿ ಪುಷ್ಪಕವಿಮಾನ ಲಂಕೆಯಿಂದ ಹೊರಟು ಅಯೋಧ್ಯೆಗೆ ಹೋಗುವಾಗ ರಾಮನು ಸೀತೆಗೆ ಕೆಳಗಿನ ನೆಲವನ್ನು ತೋರಿಸುತ್ತಾ ಹೋಗುತ್ತಾನೆ. ಕಿಷ್ಕಿಂಧೆ ಬಂದಾಗ ಸೀತೆ ವಾನರಸ್ತ್ರೀಯರನ್ನೂ ಜೊತೆಗೆ ಕರೆದೊಯ್ಯೋಣವೆನ್ನುತ್ತಾಳೆ. ವಿಮಾನ ಅಲ್ಲಿ ನಿಲ್ಲುತ್ತದೆ, ತಾರೆ ಮೊದಲಾದವರು ಏರುತ್ತಾರೆ. ಕಿಷ್ಕಿಂಧೆಯೆಂದರೆ ಆನೆಗೊಂದಿಯ ಸುತ್ತಲಿನ ನಮ್ಮ ಸೀಮೆಯೇ ಎಂಬುದು ಈ ಭಾಗದವರ ನಂಬಿಕೆ. ಹಾಗೆ ನೋಡಿದರೆ ನಮ್ಮ ತುಂಗಭದ್ರೆಯ ದಡದಲ್ಲಿ ವಿಮಾನ ತಂಗಿದ ಮೊದಲ ವರದಿ ಅದೇ. ಆ ಬಂಡೆಗಲ್ಲುಗಳ ನಡುವೆ ಎಲ್ಲಿ ಇಳಿಸಿದರೆಂದು ಮಹರ್ಷಿ ಬರೆದಿಲ್ಲ. ನನ್ನ ಶಿಷ್ಯ ಈ ಮಾತು ಕೇಳಿ ನಕ್ಕು, “ಅದು ತಾನೇ ಸಾರ್ ನನಗೆ ಬೇಕಾದ್ದು” ಎಂದ.

ಪುರಾಣವನ್ನು ಬಿಟ್ಟು ಚರಿತ್ರೆಗೆ ಬಂದರೂ ನಮ್ಮ ಸೀಮೆಗೆ ಒಂದು ಗೌರವವಿದೆ. 1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಅವರು ಪುಸ್ ಮಾತ್ ಎಂಬ ಒಂಟಿ ಎಂಜಿನಿನ ಸಣ್ಣ ವಿಮಾನದಲ್ಲಿ ಕರಾಚಿಯಿಂದ ಅಹಮದಾಬಾದಿನ ಮೂಲಕ ಮುಂಬಯಿಯ ಜುಹೂಗೆ ಟಪಾಲು ತಂದರಷ್ಟೆ. ಅಲ್ಲಿಂದ ಮುಂದೆ ಮದರಾಸಿಗೆ ಅದನ್ನು ಒಯ್ದವರು ಅವರ ಸಹೋದ್ಯೋಗಿ ನೆವಿಲ್ ವಿನ್ಸೆಂಟ್. ಹೋದದ್ದು ಬಳ್ಳಾರಿಯ ಮೇಲೆ. ಭಾರತೀಯ ಸಂಸ್ಥೆಯೊಂದರ ವಾಯುಮಾರ್ಗದ ಮೊದಲ ನಕ್ಷೆಯಲ್ಲಿದ್ದ ಬೆರಳೆಣಿಕೆಯ ಹೆಸರುಗಳಲ್ಲಿ ಬಳ್ಳಾರಿಯೂ ಒಂದು. ಆ ಚಾಲಕರಿಗೆ ರೇಡಿಯೋ ಇರಲಿಲ್ಲ, ದಿಕ್ಕು ತೋರುವ ದೀಪಗಳಿರಲಿಲ್ಲ. ಜುಹೂ ಮೈದಾನವಂತೂ ಮಳೆಗಾಲದಲ್ಲಿ ಕೆಸರಾಗಿ, ಸೇವೆಯನ್ನು ಪುಣೆಗೆ ಸ್ಥಳಾಂತರಿಸಬೇಕಾಗುತ್ತಿತ್ತು. ಕೆಳಗೆ ಕಾಣುವ ರೈಲುಹಳಿ, ನದಿ, ಕೋಟೆಗುಡ್ಡ ಇವೇ ಅವರ ಅಕ್ಷರಮಾಲೆ. ಬಳ್ಳಾರಿಯ ಏಕಶಿಲಾ ಬೆಟ್ಟವನ್ನು ಬಯಲಿನಲ್ಲಿ ಕಂಡವರಿಗೆ, ಈ ಊರು ಆ ಪಟ್ಟಿಗೆ ಸೇರಿದುದರಲ್ಲಿ ಆಶ್ಚರ್ಯವೆನಿಸದು.

ಅದೇ ಕಾಲದಲ್ಲಿ ಅಮೆರಿಕದಲ್ಲಿಯೂ ಟಪಾಲು ವಿಮಾನಗಳೇ ಈ ಬಗೆಯ ಪುಸ್ತಕಕ್ಕೆ ಜನ್ಮ ಕೊಟ್ಟವು. 1921ರಲ್ಲಿ ಅಲ್ಲಿನ ಅಂಚೆ ಇಲಾಖೆ ನ್ಯೂಯಾರ್ಕಿನಿಂದ ಸ್ಯಾನ್‌ಫ್ರಾನ್ಸಿಸ್ಕೋವರೆಗಿನ ದಾರಿಯನ್ನು ಮೈಲಿಗಳ ಲೆಕ್ಕದಲ್ಲಿ ವಿವರಿಸುವ ಒಂದು ಪುಸ್ತಿಕೆಯನ್ನು ಚಾಲಕರಿಗಾಗಿ ಹೊರತಂದಿತು. ಇಷ್ಟನೆಯ ಮೈಲಿಯಲ್ಲಿ ಇಂಥ ಊರು, ಅಲ್ಲಿ ಹಳಿ ಹೀಗೆ ತಿರುಗುತ್ತದೆ ಎಂಬ ಧಾಟಿ ಅದರದು. ಅದಕ್ಕಿಂತ ಹೆಚ್ಚಿನ ಪ್ರಭಾವ ಬೀರಿದ್ದು ಒಬ್ಬ ಚಾಲಕನ ಖಾಸಗಿ ಟಿಪ್ಪಣಿ. ಎಲ್ರೇ ಜೆಪ್ಪೆಸೆನ್ ಎಂಬಾತ 1930ರ ಸುಮಾರಿಗೆ ಹತ್ತು ಸೆಂಟು ಕೊಟ್ಟು ಒಂದು ಕಪ್ಪು ರಟ್ಟಿನ ನೋಟುಪುಸ್ತಕ ಕೊಂಡ. ತಾನು ಇಳಿದ ಮೈದಾನಗಳ ಉದ್ದ, ಇಳಿಜಾರು, ಸುತ್ತಲಿನ ಹೊಗೆಗೊಳವೆ ಮತ್ತು ನೀರಿನ ತೊಟ್ಟಿಗಳ ಎತ್ತರ ಎಲ್ಲವನ್ನೂ ಅದರಲ್ಲಿ ಬರೆದಿಡತೊಡಗಿದ. ಎತ್ತರ ತಿಳಿಯಲು ತಾನೇ ಉನ್ನತಿಮಾಪಕ ಹಿಡಿದು ಗುಡ್ಡ ಹತ್ತುತ್ತಿದ್ದ. ಹವೆ ಹೇಗಿದೆಯೆಂದು ಕೇಳಿದರೆ ಹೇಳಬಲ್ಲ ರೈತರ ದೂರವಾಣಿ ಸಂಖ್ಯೆಗಳೂ ಅದರಲ್ಲಿದ್ದವು. ಜೊತೆಗಾರರು ಒಬ್ಬೊಬ್ಬರಾಗಿ ಸಾಯುತ್ತಿದ್ದ ದಿನಗಳವು. ಉಳಿದವರು ಪ್ರತಿ ಮಾಡಿಕೊಡೆಂದು ಕೇಳಿದರು. 1934ರಲ್ಲಿ ಹತ್ತು ಡಾಲರಿಗೊಂದರಂತೆ ಅವನ್ನು ಮಾರಲಾರಂಭಿಸಿದ. ಇಂದು ಪ್ರಪಂಚದ ದೊಡ್ಡ ವಿಮಾನಗಳ ಚಾಲಕರು ಬಳಸುವ ಜೆಪ್ಪೆಸೆನ್ ನಕ್ಷೆಗಳ ಮೂಲ ಆ ನೋಟುಪುಸ್ತಕವೇ.

ಈಗ ನನ್ನ ಮುಂದಿದ್ದ ಪುಸ್ತಕಗಳಿಗೆ ಬರುತ್ತೇನೆ. ಅವುಗಳಲ್ಲಿ ಒಂದು, ನಿಜಕ್ಕೂ ಪುಸ್ತಕವಲ್ಲ, ನಮ್ಮ ದೇಶದ ವಿಮಾನ ನಿಲ್ದಾಣ ಪ್ರಾಧಿಕಾರ ಪ್ರಕಟಿಸುವ ಅಧಿಕೃತ ವೈಮಾನಿಕ ಮಾಹಿತಿ ಸಂಪುಟದಿಂದ ಮುದ್ರಿಸಿಕೊಂಡ ಕೆಲವು ಹಾಳೆಗಳು. ಪ್ರತಿಯೊಂದು ದೇಶವೂ ಇಂಥ ಸಂಪುಟವನ್ನು ಹೊರಡಿಸುತ್ತದೆ. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಘಟನೆ ಇದರ ನಿಯಮಗಳನ್ನು ಅಂಗೀಕರಿಸಿದ್ದು 1953ರಲ್ಲಿ, ನಮ್ಮ ತುಂಗಭದ್ರಾ ಅಣೆಕಟ್ಟು ಸಿದ್ಧವಾದ ವರ್ಷ. ಯಾವ ದೇಶದ ಯಾವ ನಿಲ್ದಾಣವನ್ನು ತೆಗೆದುಕೊಂಡರೂ ಎರಡು ಡಜನಿನಷ್ಟು ಉಪಶೀರ್ಷಿಕೆಗಳು ಅದೇ ಕ್ರಮದಲ್ಲಿ ಬರುತ್ತವೆ. ಹತ್ತನೆಯದು ಅಡೆತಡೆಗಳು, ಹನ್ನೆರಡನೆಯದು ರನ್‌ವೇಯ ಲಕ್ಷಣ. ಊರಿಗೆ ಹೆಸರು ಸಾಲದೆಂದು ನಾಲ್ಕು ಅಕ್ಷರಗಳ ಗುರುತೂ ಉಂಟು. ದಕ್ಷಿಣ ಭಾರತದವೆಲ್ಲ ‘ವಿ’, ‘ಓ’ ಎಂದೇ ಮೊದಲಾಗುತ್ತವೆ. ರನ್‌ವೇಗೆ ದಿಕ್ಕಿನ ಅಂಕಿಯೇ ಹೆಸರು. ಬೆಂಗಳೂರಿನ ಹಳೆಯ ಎಚ್.ಎ.ಎಲ್. ನಿಲ್ದಾಣದ್ದು 09 ಮತ್ತು 27 ಎಂದರೆ ದಿಕ್ಸೂಚಿಯ ಸುಮಾರು 90 ಮತ್ತು 270 ಡಿಗ್ರಿ, ಅಂದರೆ ಪೂರ್ವ-ಪಶ್ಚಿಮ ಎಂದು ಓದಿಕೊಳ್ಳಬೇಕು. ಇದು ಶುದ್ಧ ಸೂತ್ರಶೈಲಿ. ಅರ್ಧ ಮಾತ್ರೆ ಉಳಿಸಿದರೆ ವೈಯಾಕರಣನಿಗೆ ಪುತ್ರೋತ್ಸವವಾದಷ್ಟು ಸಂತೋಷವಂತೆ. ಇದನ್ನು ರಚಿಸಿದವರಿಗೆ ದಿನವೂ ಪುತ್ರೋತ್ಸವ!

ಜೆಪ್ಪೆಸೆನ್ನನ ಹಾಳೆಗಳು ಯಂತ್ರಗಳಂತೆ, ತಾಮ್ರದ ತಗಡಿನಲ್ಲಿ ಕೊರೆದ ಶ್ರೀಚಕ್ರದಂತೆ ಕಾಣುತ್ತವೆ. ಬಲ್ಲವನಿಗೆ ಒಂದೇ ನೋಟದಲ್ಲಿ ಎಲ್ಲವೂ ತಿಳಿಯುತ್ತದೆ, ಅರಿಯದವನಿಗೆ ಏನೂ ತಿಳಿಯದು. ನನಗೆ ತಿಳಿಯಲಿಲ್ಲ. ಆದ್ದರಿಂದ ಅದರ ಗುಣದೋಷ ಹೇಳಲು ನಾನು ಅಧಿಕಾರಿಯಲ್ಲ.

ಮೂರನೆಯದು ಪೂಲೀಸ್ ಫ್ಲೈಟ್ ಗೈಡ್, ಬ್ರಿಟನ್ನಿನ ಹವ್ಯಾಸಿ ಚಾಲಕರು ಬಹುಕಾಲದಿಂದ ನೆಚ್ಚಿಕೊಂಡ ವಾರ್ಷಿಕ ಪ್ರಕಟಣೆ. ಸೂತ್ರಕ್ಕೆ ಬರೆದ ವೃತ್ತಿ ಇದು. ಪ್ರತಿಯೊಂದು ಇಳಿದಾಣಕ್ಕೂ ಒಂದು ನಕ್ಷೆ, ಕೆಳಗೆ ನಾಲ್ಕಾರು ವಾಕ್ಯಗಳು. ಎಲ್ಲಿಂದ ತಿರುಗಿ ಬರಬೇಕು, ಯಾವ ಹಳ್ಳಿಯ ಮೇಲೆ ಹಾರಬಾರದು, ಟ್ಯಾಕ್ಸಿ ಸಿಗುವುದೇ, ಊಟವುಂಟೇ. ನಾಲ್ಕನೆಯದು ರೈತರ ಹೊಲಗಳಲ್ಲಿರುವ ಹುಲ್ಲಿನ ಪಟ್ಟಿಗಳಿಗೆಂದೇ ಮೀಸಲಾದ ಲಾಕ್‌ಯರ್ಸ್ ಎಂಬ ಕೈಪಿಡಿ. ಇದು ಟೀಕು, ಅದರಲ್ಲಿಯೂ ಹಳ್ಳಿಯ ಕಟ್ಟೆಯ ಮೇಲೆ ಕುಳಿತು ಹೇಳಿದ ಟೀಕು. ಪಟ್ಟಿ ಗುಡ್ಡಕ್ಕೆ ಏರಿದ್ದರೆ ಏರುಮುಖವಾಗಿ ಇಳಿ, ಇಳಿಮುಖವಾಗಿ ಹಾರು, ಕುರಿಗಳನ್ನು ನೋಡಿಕೋ, ಪಕ್ಕದ ಮನೆಯವರಿಗೆ ಸದ್ದು ಆಗದು, ಬರುವ ಮುನ್ನ ಯಜಮಾನನನ್ನು ಕೇಳದೆ ಬರಬೇಡ. ನನಗೆ ಹೆಚ್ಚು ಹಿಡಿಸಿದ್ದು ಇದೇ. ಬರೆದವನ ದನಿ ಇದರಲ್ಲಿ ಕೇಳಿಸುತ್ತದೆ. ಈ ಹೊಲದಲ್ಲಿ ಒಮ್ಮೆ ಕಾಲಿಟ್ಟವನು ಬರೆದಿದ್ದಾನೆಂಬ ನಂಬಿಕೆ ಹುಟ್ಟುತ್ತದೆ.

ನನ್ನ ತೀರ್ಪನ್ನು ಹೇಳಿದಾಗ ಶಿಷ್ಯ ತಲೆಯಾಡಿಸಿದ. “ಓದೋಕೆ ಅದೇ ಚೆಂದ ಸಾರ್. ಆದ್ರೆ ನನ್ನ ಪ್ರಾಣ ಹೋಗ್ತಿದ್ದಿದ್ದೂ ಅಂಥದೇ ಒಂದು ಪುಸ್ತಕದಿಂದ” ಎಂದ. ಪುಸ್ತಕದ ಹೆಸರು ಬೇಡ, ತಪ್ಪು ಅದರದ್ದೂ ಅಲ್ಲ. ಗೆಳೆಯನ ಕಪಾಟಿನಿಂದ ಎರವಲು ತಂದ ಹಳೆಯ ಆವೃತ್ತಿ ಅದು. ಹೊಲದ ಯಜಮಾನನಿಗೆ ದೂರವಾಣಿ ಮಾಡಿದಾಗ ಯಾರೂ ಎತ್ತಲಿಲ್ಲ. ಪುಸ್ತಕವಿದೆಯಲ್ಲ ಎಂದು ಹೊರಟುಬಿಟ್ಟ. ಪುಸ್ತಕದಲ್ಲಿ ಪಟ್ಟಿಯ ಆ ತುದಿ ಬಯಲು. ನೆಲಕ್ಕೆ ತೆಂಗಿನಮರದ ಎತ್ತರದಷ್ಟು ಬಂದಾಗ ಬೇಲಿಯ ಗುಂಟ ಹೊಸದಾಗಿ ನಿಲ್ಲಿಸಿದ ವಿದ್ಯುತ್ ಕಂಬಗಳು ಕಂಡವು. ತಂತಿ ಕಾಣುವುದಿಲ್ಲವಂತೆ, ಕಂಬ ಮಾತ್ರ. ಎಂಜಿನಿಗೆ ಪೂರ್ಣ ಬಲ ಕೊಟ್ಟು ಮೇಲೆತ್ತಿಕೊಂಡ. ಚಕ್ರಕ್ಕೂ ತಂತಿಗೂ ಎಷ್ಟು ಅಂತರವಿತ್ತೆಂದು ಅವನಿಗೆ ಇವತ್ತಿಗೂ ಗೊತ್ತಿಲ್ಲ. ಪಕ್ಕದ ಆಸನದಲ್ಲಿ ಅವನ ಹೆಂಡತಿ ಇದ್ದಳು.

“ತರಗತೀಲಿ ನೀವು ಯಾವ ಪಾಠ ಶುರು ಮಾಡಿದ್ರೂ ಮೊದ್ಲು ಯಾವ ಆವೃತ್ತಿ ನೋಡ್ರೋ ಅಂತಿದ್ರಿ. ನಾವು ಹಿಂದೆ ಕೂತು ನಗ್ತಿದ್ವಿ” ಎಂದ.

ಶ್ರೋತೃಗಳೇ, ನಾನು ಬಹಳ ವರ್ಷ ಗ್ರಂಥಸಂಪಾದನಶಾಸ್ತ್ರ ಹೇಳಿದವನು. ಪಾಠಾಂತರ, ಲಿಪಿಕಾರನ ಸ್ಖಲಿತ, ಪ್ರತಿಗಳ ವಂಶವೃಕ್ಷ ಇವೆಲ್ಲ ನನಗೆ ಅಂಕಗಳ ವಿಷಯವಾಗಿದ್ದವು. ಓಲೆಗರಿಯಲ್ಲಿ ಒಂದು ಅಕ್ಷರ ತಪ್ಪಿದರೆ ಛಂದಸ್ಸು ಕೆಡುತ್ತದೆ, ಪಂಡಿತರ ಜಗಳವಾಗುತ್ತದೆ, ಅಷ್ಟೇ. ಹಳೆಯ ಪ್ರತಿಯೇ ಹೆಚ್ಚು ಪ್ರಮಾಣ ಎಂದು ಕಲಿಸಿದೆವು. ಈ ಪುಸ್ತಕಗಳ ಲೋಕದಲ್ಲಿ ಅದು ತಲೆಕೆಳಗು. ಹಳೆಯ ಪ್ರತಿ ವಿಷ. ಅಧಿಕೃತ ಸಂಪುಟದ ಮುಖ್ಯ ತಿದ್ದುಪಡಿಗಳು 28 ದಿನಗಳ ಚಕ್ರದಲ್ಲಿ, ಜಗತ್ತಿಗೆಲ್ಲ ಒಂದೇ ದಿನಾಂಕದಂದು ಜಾರಿಗೆ ಬರುತ್ತವೆ. ಅದಕ್ಕೂ ಕಾಯಲಾಗದ ಸುದ್ದಿಯನ್ನು ‘ನೋಟಾಮ್’ ಎಂಬ ತುರ್ತು ಪ್ರಕಟಣೆಯಲ್ಲಿ ಹೇಳುತ್ತಾರೆ. ನಾನು ನೀರಸವೆಂದು ಪಕ್ಕಕ್ಕಿಟ್ಟ ಆ ಸೂತ್ರಗ್ರಂಥದ ಹಿರಿಮೆ ಇದು. ಅದರ ಪ್ರತಿ ಪುಟದ ಮೂಲೆಯಲ್ಲಿ ದಿನಾಂಕವಿದೆ.

ಇಲ್ಲಿ ನನ್ನದೊಂದು ಹಳೆಯ ತಪ್ಪನ್ನೂ ಹೇಳಿಬಿಡುತ್ತೇನೆ. ಬಹಳ ವರ್ಷಗಳ ಹಿಂದೆ ಪ್ರವಾಸ ಬರುವ ವಿದ್ಯಾರ್ಥಿಗಳಿಗೆಂದು ಹಂಪಿಯ ಮೇಲೆ ಒಂದು ಕಿರುಹೊತ್ತಗೆ ಬರೆದಿದ್ದೆ. ತಳವಾರಘಟ್ಟದಿಂದ ಆನೆಗೊಂದಿಗೆ ಸೇತುವೆಯ ಕೆಲಸ ಆಗ ನಡೆದಿತ್ತು. ಪುಸ್ತಕ ಅಚ್ಚಾಗುವಷ್ಟರಲ್ಲಿ ಮುಗಿದೇ ಮುಗಿಯುತ್ತದೆಂದು ನಂಬಿ, ನದಿಯನ್ನು ಸೇತುವೆಯ ಮೇಲೆ ದಾಟಬಹುದೆಂದು ವರ್ತಮಾನಕಾಲದಲ್ಲಿ ಬರೆದೆ. ಆ ಸೇತುವೆಗಳ ಕಾರಣದಿಂದಲೇ 1999ರಲ್ಲಿ ಹಂಪಿ ಯುನೆಸ್ಕೋದ ಅಪಾಯದಂಚಿನ ಪಟ್ಟಿಗೆ ಸೇರಿತು, ಕೆಲಸ ನಿಂತಿತು. 2006ರಲ್ಲಿ ಹಂಪಿ ಆ ಪಟ್ಟಿಯಿಂದ ಹೊರಬಂತು. ಮತ್ತೆ ಕಟ್ಟುತ್ತಿರುವಾಗ 2009ರ ಜನವರಿಯಲ್ಲಿ ಸೇತುವೆ ಕುಸಿದು ಕಾರ್ಮಿಕರು ಸತ್ತರು. ಈ ನಡುವೆ ಒಂದು ಮುಸ್ಸಂಜೆ, ದೂರದ ಊರಿನಿಂದ ಬಂದ ಕುಟುಂಬವೊಂದು ನನ್ನ ಹೊತ್ತಗೆಯನ್ನು ಕೈಯಲ್ಲಿ ಹಿಡಿದು ಘಟ್ಟಕ್ಕೆ ಬಂದು ನಿಂತಿತ್ತಂತೆ. ಮಳೆಗಾಲದ ಹೊಳೆ, ಹರಿಗೋಲು ನಿಂತಿತ್ತು. ಮುದುಕರು, ಮಕ್ಕಳು ಕತ್ತಲಲ್ಲಿ ಕಮಲಾಪುರದವರೆಗೆ ನಡೆದು ಹಿಂತಿರುಗಿದರು. ಅವರು ಬರೆದ ಕಾಗದ ನನ್ನಲ್ಲಿದೆ. ಬೈಗುಳವೇನಿಲ್ಲ. “ತಾವು ಸೇತುವೆಯನ್ನು ನೋಡಿದ್ದೀರಾ?” ಎಂದಷ್ಟೇ ಕೇಳಿದ್ದರು.

1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಈ ವಿಷಯದಲ್ಲಿ ನನಗಿಂತ ಪ್ರಾಮಾಣಿಕ. ಪಟ್ಟಣದ ವಿಸ್ತಾರವನ್ನು ಹೇಳಲು ಆತ ಒಂದು ಬೆಟ್ಟ ಹತ್ತಿದ. ಆದರೆ ಗುಡ್ಡಸಾಲುಗಳ ನಡುವೆ ಹಬ್ಬಿರುವುದರಿಂದ ಅಲ್ಲಿಂದಲೂ ಪೂರ್ತಿ ಕಾಣಲಿಲ್ಲವೆಂದು ಬರೆದಿಟ್ಟ. ಕಂಡದ್ದನ್ನು ರೋಮ್ ನಗರಕ್ಕೆ ಹೋಲಿಸಿದ, ಕಾಣದ್ದನ್ನು ಅಳೆಯಲಿಲ್ಲ.

ಮೇಲಿನಿಂದ ನೋಡುವ ಅವಕಾಶ ನನಗೂ ಒಮ್ಮೆ ಸಿಕ್ಕಿತ್ತು. ಹಂಪಿ ಉತ್ಸವದ ಸಮಯದಲ್ಲಿ ‘ಹಂಪಿ ಬೈ ಸ್ಕೈ’ ಎಂದು ಕಮಲಾಪುರದಿಂದ ಹೆಲಿಕಾಪ್ಟರ್ ಹಾರಿಸುತ್ತಾರಲ್ಲ, ಅದರಲ್ಲಿ ಮೊಮ್ಮಗಳ ಒತ್ತಾಯಕ್ಕೆ ಕುಳಿತೆ. ಕೆಲವೇ ನಿಮಿಷಗಳ ಹಾರಾಟ. ಐವತ್ತು ಮೀಟರ್ ಎತ್ತರದ ವಿರೂಪಾಕ್ಷ ಗೋಪುರವನ್ನು ಹೇಮಕೂಟದ ಬುಡದಿಂದ ನೋಡಿ ಕತ್ತು ನೋಯಿಸಿಕೊಂಡವನು ನಾನು. ಮೇಲಿನಿಂದ ಅದು ಒಂದು ಬಿಳಿ ಚೌಕ. ನೆರಳು ಉದ್ದಕ್ಕೆ ಬಿದ್ದಿದ್ದರಿಂದಲೇ ಅದು ಗೋಪುರವೆಂದು ತಿಳಿಯಿತು. ಕಾಲ್ನಡಿಗೆಯವನಿಗೆ ಗುರುತಾದದ್ದು ಹಾರುವವನಿಗೆ ಗುರುತಲ್ಲ. ನಡೆಯುವಾಗ ಲೆಕ್ಕಕ್ಕೇ ಬಾರದ ತುರ್ತು ಕಾಲುವೆ ಬಾಳೆತೋಟದ ನಡುವೆ ಹಸಿರು ದಾರದಂತೆ ಎದ್ದು ಕಾಣುತ್ತಿತ್ತು. ಕನ್ನಡನಾಡಿನ ಮೇರೆಯನ್ನು ಹೇಳುವಾಗ ಕವಿರಾಜಮಾರ್ಗಕಾರ ಎರಡು ನದಿಗಳನ್ನೇ ಏಕೆ ಆರಿಸಿಕೊಂಡನೆಂಬುದು ಆ ದಿನ ನನಗೆ ಬೇರೆ ರೀತಿಯಲ್ಲಿ ಅರ್ಥವಾಯಿತು.

ಊರಿಗೆ ಹಿಂತಿರುಗುವ ಮುನ್ನ ಶಿಷ್ಯ ಒಂದು ಪಂಥ ಹಾಕಿದ. ಹಂಪಿ ನೋಡಲು ಹಗುರ ವಿಮಾನದಲ್ಲಿ ಬರುವವನಿಗೆ ನಮ್ಮ ಸೀಮೆಯ ಒಂದು ಪುಟವನ್ನು ಕನ್ನಡದಲ್ಲಿ ಬರೆಯಿರಿ ಎಂದ. ನಮ್ಮಲ್ಲಿ ಅಂಥವರು ವಿರಳ. ಹೊರಡುವ ಮುನ್ನ ಹಾರಾಟದ ಯೋಜನೆ ಸಲ್ಲಿಸಿ ವಾಯುರಕ್ಷಣಾ ಅನುಮತಿಯ ಸಂಖ್ಯೆ ಪಡೆಯಬೇಕು. ಸಣ್ಣ ಎಂಜಿನುಗಳಿಗೆ ಬೇಕಾದ ಪೆಟ್ರೋಲು, ಅಂದರೆ ಆವ್‌ಗ್ಯಾಸ್, ಎಲ್ಲ ನಿಲ್ದಾಣಗಳಲ್ಲಿ ಸಿಗುವುದಿಲ್ಲ. ರೈತನ ಹೊಲದಲ್ಲಿ ಇಳಿದು ಚಹ ಕುಡಿದು ಬರುವ ಮಾತೇ ಇಲ್ಲ. ಆದರೂ ಬರೆಯಲು ಕುಳಿತೆ.

ಹೊಸಪೇಟೆಯಲ್ಲಿ ವಿಮಾನ ನಿಲ್ದಾಣವಿಲ್ಲ. ಹತ್ತಿರದ್ದು ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ಬಳಿಯ ವಿದ್ಯಾನಗರ, 2017ರಲ್ಲಿ ಉಡಾನ್ ಯೋಜನೆಯ ವಿಮಾನಗಳು ಬರಲು ತೊಡಗಿದ ಸ್ಥಳ. ನಿಲ್ದಾಣ ಖಾಸಗಿಯಾದ್ದರಿಂದ ಮೊದಲೇ ಅನುಮತಿ ಬೇಕು. ಹೊಳೆಯ ಆಚೆ, ಕೊಪ್ಪಳದ ಬಳಿ ಗಿಣಿಗೇರೆಯಲ್ಲಿ ಮತ್ತೊಂದು ಖಾಸಗಿ ಪಟ್ಟಿಯುಂಟು. ದಾರಿ ತಪ್ಪಿದವನು ಗುಂತಕಲ್ಲಿನಿಂದ ಹುಬ್ಬಳ್ಳಿಯ ಕಡೆ ಹೋಗುವ ರೈಲುಹಳಿಯನ್ನು ಹುಡುಕಬೇಕು. ಜಲಾಶಯ ದೊಡ್ಡ ಗುರುತು, ಆದರೆ ಆಗಸ್ಟಿನ ಜಲಾಶಯ ಬೇರೆ, ಮೇ ತಿಂಗಳಿನದು ಬೇರೆ. ದಡದ ಆಕಾರವನ್ನು ನಂಬಬಾರದು. ಕಂಪ್ಲಿಯನ್ನು ಗಂಗಾವತಿಯ ಕಡೆಯ ಸೇತುವೆಯಿಂದ ಗುರುತಿಸಬಹುದೆಂದು ಬರೆದೆ. ಬರೆದ ಮೇಲೆ, ಜಲಾಶಯದಿಂದ ಹೆಚ್ಚು ನೀರು ಬಿಟ್ಟಾಗ ಆ ಸೇತುವೆಯೇ ಮುಳುಗುವುದು ನೆನಪಾಗಿ ಹೊಡೆದುಹಾಕಿ, ಕೋಟೆ ಮತ್ತು ಭತ್ತದ ಗದ್ದೆಗಳನ್ನು ಸೇರಿಸಿದೆ.

ಸಂಡೂರಿನ ಬಗ್ಗೆ ಬರೆಯುವಾಗ ಲೇಖನಿ ಸ್ವಲ್ಪ ಹಾರಿತು. ಗುಡ್ಡಗಳ ಕೋಟೆಯ ನಡುವಿನ ಕಣಿವೆ, ನಾರಿಹಳ್ಳ ಸೀಳಿ ಹೋಗುವ ಭೀಮಗಂಡಿ, ಓಬಳಗಂಡಿ, ಮಳೆಗಾಲದ ಹಸಿರಿನ ನಡುವೆ ಅಗೆದ ಗಣಿಗಳ ಕೆಂಪು ಮೆಟ್ಟಿಲು, ಇವೆಲ್ಲವನ್ನೂ ‘ರಮಣೀಯ’, ‘ನಯನಮನೋಹರ’ ಎಂಬ ಪದಗಳೊಡನೆ ಬರೆದು ಓದಿ ತೋರಿಸಿದೆ.

ಶಿಷ್ಯ ಕೆಂಪು ಪೆನ್ನು ಕೇಳಿದ. ನಾನೇ ಕೊಟ್ಟೆ. ‘ರಮಣೀಯ’ವನ್ನೂ ‘ನಯನಮನೋಹರ’ವನ್ನೂ ಹೊಡೆದು, ಅಂಚಿನಲ್ಲಿ “ಎತ್ತರ ಎಷ್ಟು?” ಎಂದು ಬರೆದ. ವಿಮಾನದ ಉನ್ನತಿಮಾಪಕ ಸಾಮಾನ್ಯವಾಗಿ ತೋರಿಸುವುದು ಸಮುದ್ರಮಟ್ಟದಿಂದ ಎತ್ತರವನ್ನು, ಕೆಳಗಿನ ನೆಲದಿಂದಲ್ಲ. ಮುಳ್ಳು ಮೂರು ಸಾವಿರ ಅಡಿ ತೋರಿಸುತ್ತಿರುವಾಗ ಕಂಪ್ಲಿಯ ಗದ್ದೆಗಳ ಮೇಲೆ ಚಾಲಕ ನೆಮ್ಮದಿಯಾಗಿ ಹಾರುತ್ತಿರುತ್ತಾನೆ. ಅದೇ ಮುಳ್ಳಿನಲ್ಲಿ ಮೋಡದೊಳಗೆ ದಕ್ಷಿಣಕ್ಕೆ ತಿರುಗಿದರೆ ರಾಮನದುರ್ಗದ ಬೆಟ್ಟ ಅದಕ್ಕಿಂತ ಎತ್ತರದಲ್ಲಿ ಎದುರಾಗುತ್ತದೆ. ಬೇಸಗೆಯಲ್ಲಿ ಬಳ್ಳಾರಿಯ ಬಿಸಿಲಿಗೆ ಗಾಳಿ ತೆಳುವಾಗಿ, ಮೇಲೇರಲು ರನ್‌ವೇಯ ಮೇಲೆ ಹೆಚ್ಚು ದೂರ ಓಡಬೇಕಾಗುತ್ತದೆ ಎಂಬುದನ್ನೂ ಅವನೇ ಸೇರಿಸಿದ. ಹಂಪಿಯ ಬಗ್ಗೆ ನಾನು ಬರೆದಿದ್ದ ಹನ್ನೊಂದು ಸಾಲುಗಳಲ್ಲಿ ಎರಡು ಉಳಿದವು.

“ಇದನ್ನೆಲ್ಲ ನೀವು ಹೋಗಿ ನೋಡಿದ್ದೀರಾ ಸಾರ್?” ಎಂದು ಕೇಳಿದ. ವಿದ್ಯಾನಗರದ ಗೇಟಿನವರೆಗೆ ಹೋಗಿದ್ದೆ, ಗಿಣಿಗೇರೆಯ ಪಟ್ಟಿಯನ್ನು ನೋಡಿರಲಿಲ್ಲ. ಹಾಗೆಂದೇ ಪುಟದ ಕೆಳಗೆ ಬರೆದು, ದಿನಾಂಕ ಹಾಕಿ ಅವನ ಕೈಗಿತ್ತೆ.